ಫುಡ್ ಅಲರ್ಜಿ ಇದ್ದವರು ವಿಮಾನ ಹತ್ತುವ ಮುನ್ನ

ವಿಮಾನ ಆಗಷ್ಟೇ ಮೇಲೇರಿತ್ತು. ಕಡಲೆಕಾಯಿ ಅಲರ್ಜಿ ಇರುವ ನನ್ನ ಮಗಳು ಕಿಟಕಿ ಪಕ್ಕ ಕೂತಿದ್ದಳು. ಅವಳ ಇಂಜೆಕ್ಷನ್ ಎಲ್ಲಿದೆ ಅಂತ ನೆನಪಾದಾಗ ನನ್ನ ಎದೆ ಧಸಕ್ ಎಂದಿತು. ನಮ್ಮ ಸೀಟಿನ ಮೇಲೆ ಜಾಗ ಸಾಲದೆ, ಅದಿದ್ದ ಬ್ಯಾಗನ್ನು ನಾಲ್ಕು ಸಾಲು ಹಿಂದೆ ಇಟ್ಟಿದ್ದೆವು. ವಿಮಾನ ಕುಲುಕಾಡುತ್ತಿತ್ತು. ಸೀಟ್ ಬೆಲ್ಟ್ ದೀಪ ಆರಲೇ ಇಲ್ಲ, ಯಾರೂ ಏಳುವಂತಿರಲಿಲ್ಲ. ಸುಮಾರು 20 ನಿಮಿಷ ಅವಳ ಮುಖವನ್ನೇ ನೋಡುತ್ತಾ ಕೂತಿದ್ದೆ. ಅವತ್ತು ಏನೂ ಆಗಲಿಲ್ಲ. ಆದರೆ ಆಗಿದ್ದರೆ ಆ ನಾಲ್ಕು ಸಾಲು ಬಹಳ ದೂರ.

ಅವತ್ತಿನಿಂದ ಪ್ರತಿ ಪ್ರಯಾಣಕ್ಕೂ ನಾವು ಮಾಡಿಕೊಳ್ಳುವ ತಯಾರಿ ಇದು.

ಮೊದಲು, ಯಾವುದಕ್ಕೆ ಹೆದರಬೇಕು?

ತುಂಬಾ ಜನ ಹೆದರುವುದು ಗಾಳಿಗೆ. ಪಕ್ಕದವರು ಕಡಲೆಕಾಯಿ ಪೊಟ್ಟಣ ಬಿಚ್ಚಿದರೆ ಸಾಕು, ಉಸಿರಿನಲ್ಲೇ ರಿಯಾಕ್ಷನ್ ಆಗುತ್ತದೆ ಅನ್ನುವ ಭಯ. ಬ್ರಿಟನ್ನಿನ ನಾಗರಿಕ ವಿಮಾನಯಾನ ಪ್ರಾಧಿಕಾರ ಈ ಬಗ್ಗೆ ಇರುವ ಅಧ್ಯಯನಗಳನ್ನೆಲ್ಲ ಪರಿಶೀಲನೆ ಮಾಡಿಸಿತು. 2024ರಲ್ಲಿ ಪ್ರಕಟವಾದ ಆ ವರದಿಯ ಪ್ರಕಾರ, ಕಡಲೆಕಾಯಿಯ ಅಂಶ ವಿಮಾನದ ಗಾಳಿಯಲ್ಲಿ ಹರಡಿ ರಿಯಾಕ್ಷನ್ ಆಗುತ್ತದೆ ಅನ್ನುವುದಕ್ಕೆ ಗಟ್ಟಿ ಆಧಾರ ಇಲ್ಲ. ದೊಡ್ಡ ವಿಮಾನಗಳಲ್ಲಿ ಗಾಳಿ ಗಂಟೆಗೆ 20ರಿಂದ 30 ಸಲ ಬದಲಾಗುತ್ತದೆ. ಮೇಲಿನಿಂದ ಬಂದು ಕಾಲ ಬಳಿ ಹೊರಹೋಗುತ್ತದೆ. ಮತ್ತೆ ಒಳಬರುವ ಗಾಳಿ ಹೆಪಾ ಅನ್ನುವ ತುಂಬಾ ಸೂಕ್ಷ್ಮ ಫಿಲ್ಟರ್‌ನಲ್ಲಿ ಸೋಸಿಕೊಂಡೇ ಬರುತ್ತದೆ.

ಅಪಾಯ ಇರುವುದು ಕೈಯಲ್ಲಿ. ಹಿಂದಿನ ಪ್ರಯಾಣಿಕರು ತಿಂದ ತಿಂಡಿಯ ಎಣ್ಣೆ, ಪುಡಿ ಟ್ರೇ ಮೇಲೆ, ಸೀಟಿನ ಮೇಲೆ ಉಳಿದಿರುತ್ತದೆ. ಅದು ಬೆರಳಿಗೆ ಅಂಟಿ, ಬೆರಳಿನಿಂದ ಬಾಯಿಗೆ ಹೋಗುತ್ತದೆ. ಮಕ್ಕಳಂತೂ ಕೈಯನ್ನು ಎಷ್ಟು ಸಲ ಬಾಯಿಗೆ ಹಾಕುತ್ತಾರೆ ಅನ್ನುವುದು ಗೊತ್ತೇ ಇದೆ, ಅಲ್ವಾ? ಇದು ಒಳ್ಳೆಯ ಸುದ್ದಿ ಅಂತಲೇ ನಾನು ಅಂದುಕೊಂಡಿದ್ದೇನೆ. ಗಾಳಿಯನ್ನು ನಾವು ಒರೆಸಲಾರೆವು, ಟ್ರೇಯನ್ನು ಒರೆಸಬಹುದು.

ಟಿಕೆಟ್ ಮಾಡುವಾಗ

ದುಡ್ಡು ಕಟ್ಟುವ ಮುಂಚೆಯೇ ವಿಮಾನ ಸಂಸ್ಥೆಯ ಅಲರ್ಜಿ ನಿಯಮ ಓದಿ. ಒಂದೊಂದು ಸಂಸ್ಥೆಯದು ಒಂದೊಂದು ಥರ. ಕೆಲವರು ಅಕ್ಕಪಕ್ಕದ ಪ್ರಯಾಣಿಕರಿಗೆ ತಿಳಿಸುತ್ತಾರೆ, ಕೆಲವರು ಏನೂ ಮಾಡುವುದಿಲ್ಲ. ಬುಕ್ ಮಾಡಿದ ಮೇಲೆ ಅಲರ್ಜಿ ವಿಷಯವನ್ನು ಬರವಣಿಗೆಯಲ್ಲಿ ತಿಳಿಸಿ, ಅವರ ಉತ್ತರವನ್ನು ಫೋನಿನಲ್ಲಿ ಇಟ್ಟುಕೊಳ್ಳಿ. ನಡುವೆ ವಿಮಾನ ಬದಲಿಸಬೇಕಾದರೆ ಎರಡನೇ ಸಂಸ್ಥೆಗೂ ನೀವೇ ಹೇಳಬೇಕು. ಒಬ್ಬರಿಗೆ ಹೇಳಿದ್ದು ಇನ್ನೊಬ್ಬರಿಗೆ ತಲುಪುತ್ತದೆ ಅಂತ ನಂಬಿ ಕೂರಬೇಡಿ. ಸಾಧ್ಯವಾದರೆ ಬೆಳಗಿನ ಮೊದಲ ವಿಮಾನ ಹಿಡಿಯಿರಿ. ರಾತ್ರಿ ನಿಂತಿದ್ದ ವಿಮಾನ ಸ್ವಲ್ಪ ಚೆನ್ನಾಗಿ ಸ್ವಚ್ಛವಾಗಿರುವ ಸಾಧ್ಯತೆ ಜಾಸ್ತಿ.

ಔಷಧಿ

ಜೀವ ಉಳಿಸುವ ಔಷಧಿ ಅಡ್ರಿನಲಿನ್ ಒಂದೇ. ಎಪಿಪೆನ್ ಥರದ ಆಟೋ ಇಂಜೆಕ್ಟರ್ (ತೊಡೆಗೆ ಒತ್ತಿದರೆ ತಾನೇ ಚುಚ್ಚಿ ಔಷಧಿ ಕೊಡುವ ಪೆನ್) ಇದ್ದರೆ ಎರಡು ಒಯ್ಯಿರಿ. ಕೆಲವರಿಗೆ ಒಂದು ಡೋಸ್ ಸಾಲುವುದಿಲ್ಲ. ಆಟೋ ಇಂಜೆಕ್ಟರ್ ಎಲ್ಲ ದೇಶಗಳಲ್ಲೂ ಸುಲಭವಾಗಿ ಸಿಗುವುದಿಲ್ಲ. ಹಾಗಿದ್ದರೆ ಬದಲಿಗೆ ಏನು ಒಯ್ಯಬೇಕು, ಹೇಗೆ ಕೊಡಬೇಕು ಅಂತ ಡಾಕ್ಟರ ಹತ್ತಿರ ಕೂತು ಕಲಿತುಕೊಳ್ಳಿ. 2024ರಲ್ಲಿ ಅಮೆರಿಕ ಮೂಗಿಗೆ ಹಾಕುವ ಅಡ್ರಿನಲಿನ್ ಸ್ಪ್ರೇಗೂ ಒಪ್ಪಿಗೆ ಕೊಟ್ಟಿದೆ. ಸೂಜಿಗೆ ಹೆದರುವವರು ಇದರ ಬಗ್ಗೆ ಕೇಳಿ ನೋಡಬಹುದು.

ಔಷಧಿಯನ್ನು ಚೆಕ್-ಇನ್ ಸಾಮಾನಿನಲ್ಲಿ ಹಾಕಬೇಡಿ. ಸಾಮಾನು ಕಳೆಯಬಹುದು. ಅಲ್ಲದೆ ಅಡ್ರಿನಲಿನ್ ಹೆಚ್ಚು ಚಳಿಯನ್ನೂ ಬಿಸಿಯನ್ನೂ ತಡೆಯುವುದಿಲ್ಲ. ತಲೆಯ ಮೇಲಿನ ಗೂಡಿನಲ್ಲೂ ಬೇಡ, ನನ್ನ ಕಥೆ ಕೇಳಿದಿರಲ್ಲ. ಸೊಂಟಕ್ಕೆ ಕಟ್ಟುವ ಪೌಚ್ ಎಲ್ಲಕ್ಕಿಂತ ಒಳ್ಳೆಯದು. ಹೊರಡುವ ಹಿಂದಿನ ದಿನ ಎಕ್ಸ್‌ಪೈರಿ ದಿನಾಂಕ ನೋಡಿ. ಡಾಕ್ಟರ ಪತ್ರ ಮತ್ತು ರಿಯಾಕ್ಷನ್ ಆದರೆ ಏನು ಮಾಡಬೇಕು ಅನ್ನುವ ಚೀಟಿಯೂ ಪೌಚಿನಲ್ಲೇ ಇರಲಿ. ಸೆಕ್ಯೂರಿಟಿಯಲ್ಲಿ ಇಂಜೆಕ್ಟರ್ ಬಗ್ಗೆ ಮೊದಲೇ ಹೇಳಿ, ಪತ್ರ ತೋರಿಸಿ.

ವಿಮಾನದ ತುರ್ತು ಕಿಟ್ಟಿನಲ್ಲಿ ಅಡ್ರಿನಲಿನ್ ಇರಬಹುದು. ಆದರೆ ಅದು ಎಷ್ಟೋ ಸಲ ಸಿರಿಂಜಿಗೆ ಎಳೆದು ಕೊಡಬೇಕಾದ ಆಂಪೂಲ್, ಅಂದರೆ ಗಾಜಿನ ಪುಟ್ಟ ಸೀಸೆ. ಅದನ್ನು ನೆಚ್ಚಿಕೊಂಡು ಹತ್ತಬಾರದು.

ಊಟ

ನನ್ನ ಅಭಿಪ್ರಾಯ ಕೇಳಿದರೆ, ವಿಮಾನದ ಊಟ ತಿನ್ನಲೇಬೇಡಿ. ಸ್ಪೆಷಲ್ ಊಟ ಆರ್ಡರ್ ಮಾಡಬಹುದು, ಸಾಮಾನ್ಯವಾಗಿ ಒಂದೆರಡು ದಿನ ಮುಂಚೆ ಹೇಳಬೇಕು. ಆದರೆ ಸಾವಿರಾರು ಊಟ ತಯಾರಾಗುವ ಅಡುಗೆಮನೆಯಲ್ಲಿ ಒಂದರದ್ದು ಇನ್ನೊಂದಕ್ಕೆ ತಗಲುವುದಿಲ್ಲ ಅಂತ ಯಾರೂ ಗ್ಯಾರಂಟಿ ಕೊಡುವುದಿಲ್ಲ. ವೀಗನ್ ಅಂದ ಮಾತ್ರಕ್ಕೆ ಹಾಲಿನ ಅಂಶ ಒಂದಿಷ್ಟೂ ಇಲ್ಲ ಅಂತಲೂ ಅಲ್ಲ. ಮನೆಯಿಂದಲೇ ತಿಂಡಿ ಕಟ್ಟಿಕೊಳ್ಳಿ. ವಿಮಾನ ತಡವಾಗಬಹುದು ಅಂತ ಒಂದು ಹೊತ್ತಿನದು ಜಾಸ್ತಿಯೇ ಇರಲಿ. ಇಳಿಯುವ ದೇಶಕ್ಕೆ ಹೊರಗಿನ ಆಹಾರ ಒಯ್ಯಬಹುದೇ ಅಂತ ನೋಡಿಕೊಂಡು, ಒಯ್ಯುವಂತಿಲ್ಲದಿದ್ದರೆ ಉಳಿದದ್ದನ್ನು ವಿಮಾನದಲ್ಲೇ ಬಿಟ್ಟು ಬನ್ನಿ.

ವಿಮಾನ ನಿಲ್ದಾಣದ ಅಂಗಡಿಯಲ್ಲೂ ಹುಷಾರು. 2016ರಲ್ಲಿ ಲಂಡನ್ನಿನ ವಿಮಾನ ನಿಲ್ದಾಣದಲ್ಲಿ ಎಳ್ಳಿನ ಅಲರ್ಜಿ ಇದ್ದ 15 ವರ್ಷದ ಹುಡುಗಿಯೊಬ್ಬಳು ಸ್ಯಾಂಡ್‌ವಿಚ್ ತಿಂದು ವಿಮಾನ ಹತ್ತಿದಳು. ಎಳ್ಳನ್ನು ಹಿಟ್ಟಿನಲ್ಲೇ ಬೆರೆಸಿ ಬ್ರೆಡ್ ಸುಟ್ಟಿದ್ದರು, ಪೊಟ್ಟಣದ ಮೇಲೆ ಬರೆದಿರಲಿಲ್ಲ. ದಾರಿಯಲ್ಲಿ ಅಪ್ಪ ಎರಡು ಇಂಜೆಕ್ಷನ್ ಕೊಟ್ಟರೂ ಅವಳು ಉಳಿಯಲಿಲ್ಲ. ಅಂಗಡಿಯಲ್ಲೇ ಕಟ್ಟಿಡುವ ತಿಂಡಿಗಳ ಮೇಲೂ ಎಲ್ಲ ಪದಾರ್ಥಗಳ ಹೆಸರು ಬರೆಯಲೇಬೇಕು ಅನ್ನುವ ಕಾನೂನು ಆಮೇಲೆ, 2021ರಲ್ಲಿ, ಬ್ರಿಟನ್ನಿನಲ್ಲಿ ಬಂತು. ಲೇಬಲ್ ಇಲ್ಲದ್ದನ್ನು, ಅರ್ಥವಾಗದ ಭಾಷೆಯ ಲೇಬಲ್ ಇದ್ದದ್ದನ್ನು ನಾವು ಮುಟ್ಟುವುದಿಲ್ಲ.

ಸೀಟಿಗೆ ಬಂದ ಮೇಲೆ

ಎಲ್ಲರಿಗಿಂತ ಮುಂಚೆ ಹತ್ತಲು ಬಿಡಿ ಅಂತ ಗೇಟಿನಲ್ಲಿ ಕೇಳಿ. ಒರೆಸಲು ಸಮಯ ಬೇಕು. ಟ್ರೇಯ ಎರಡೂ ಬದಿ, ಅದರ ಅಂಚು, ಅದನ್ನು ತಿರುಗಿಸುವ ಚಿಲಕ, ಕೈಯಾನಿಕೆ, ಬೆಲ್ಟಿನ ಬಕಲ್, ಟಿವಿ ಪರದೆ, ಕಿಟಕಿಯ ಬದಿ. ಚಿಲಕದ ಸುತ್ತ ಒರೆಸಿದಾಗ ವೈಪ್ ಬೂದು ಬಣ್ಣಕ್ಕೆ ತಿರುಗುತ್ತದೆ. ಆ ಬಣ್ಣ ನೋಡಿದ ಮೇಲೆ ಇನ್ನೆಂದೂ ಒರೆಸದೆ ಕೂರಲು ಮನಸ್ಸಾಗುವುದಿಲ್ಲ. ಸೀಟಿನ ಸಂದಿಗೆ ಬರಿಗೈ ಹಾಕಬೇಡಿ, ಪುಡಿ ಬಿದ್ದಿರುವುದು ಅಲ್ಲೇ. ಮುಂದಿನ ಸೀಟಿನ ಜೇಬಿಗೂ ಏನನ್ನೂ ಹಾಕಬೇಡಿ.

ಸ್ಯಾನಿಟೈಸರ್ ಹಚ್ಚಿಕೊಂಡರೆ ಕೈ ಸ್ವಚ್ಛವಾಯಿತು ಅಂದುಕೊಳ್ಳಬೇಡಿ. ಅದು ರೋಗಾಣು ಕೊಲ್ಲುತ್ತದೆ, ಕಡಲೆಕಾಯಿಯ ಪ್ರೋಟೀನನ್ನು ತೆಗೆಯುವುದಿಲ್ಲ. ಸೋಪು ನೀರು, ಇಲ್ಲವೇ ಒದ್ದೆ ವೈಪ್ಸ್ ಬೇಕು. ದಿಂಬು, ಹೊದಿಕೆಯನ್ನೂ ಮನೆಯಿಂದಲೇ ತನ್ನಿ.

ಸಿಬ್ಬಂದಿಗೆ ಮತ್ತೊಮ್ಮೆ ಹೇಳಿ, ಔಷಧಿ ಎಲ್ಲಿದೆ ಅಂತ ತೋರಿಸಿ. ಅಕ್ಕಪಕ್ಕದವರಿಗೂ ನಗುತ್ತಲೇ ಹೇಳಿ, ಆ ತಿಂಡಿ ತಿನ್ನದಿರಲು ಕೇಳಿಕೊಳ್ಳಿ. ನಮಗೆ ಇದುವರೆಗೆ ಯಾರೂ ಇಲ್ಲ ಅಂದಿಲ್ಲ.

ರಿಯಾಕ್ಷನ್ ಶುರುವಾದರೆ

ಮೈಮೇಲೆ ದದ್ದು, ತುಟಿ ಊತ, ವಾಂತಿ ಕಾಣಿಸಬಹುದು. ಗಂಟಲು ಬಿಗಿಯುವುದು, ದನಿ ಒಡೆಯುವುದು, ಬಿಡದ ಕೆಮ್ಮು, ಉಸಿರಾಟದ ಕಷ್ಟ, ತಲೆಸುತ್ತು, ಇವುಗಳಲ್ಲಿ ಒಂದು ಕಂಡರೂ ಕಾಯಬೇಡಿ. ದದ್ದು ಇಲ್ಲದೆಯೂ ಇವು ಬರಬಹುದು. ತೊಡೆಯ ಮಧ್ಯ ಭಾಗದ ಹೊರಬದಿಗೆ ಅಡ್ರಿನಲಿನ್ ಕೊಡಿ, ಬಟ್ಟೆಯ ಮೇಲೇ ಕೊಡಬಹುದು. ಎಪಿಪೆನ್ ಆದರೆ ನೀಲಿ ಮುಚ್ಚಳ ತೆಗೆದು ಕಿತ್ತಳೆ ಬಣ್ಣದ ತುದಿಯನ್ನು ಒತ್ತಬೇಕು. ಅಲರ್ಜಿ ಮಾತ್ರೆ ನುಂಗಿಸಿ ನೋಡೋಣ ಅಂತ ತಡ ಮಾಡಬೇಡಿ. ಮಾತ್ರೆ ತುರಿಕೆ ಇಳಿಸುತ್ತದೆ, ಕಟ್ಟಿದ ಉಸಿರನ್ನು ಬಿಡಿಸುವುದಿಲ್ಲ.

ಸಿಬ್ಬಂದಿಗೆ ‘ಅನಾಫಿಲ್ಯಾಕ್ಸಿಸ್’ (ಜೀವಕ್ಕೇ ಅಪಾಯವಾಗುವ ತೀವ್ರ ಅಲರ್ಜಿ ರಿಯಾಕ್ಷನ್) ಅನ್ನುವ ಪದವನ್ನೇ ಹೇಳಿ. ವಿಮಾನದಲ್ಲಿ ಡಾಕ್ಟರ್ ಇದ್ದಾರಾ ಅಂತ ಕೂಗಿ ಕೇಳಲು ಹೇಳಿ. ವಾಂತಿ ಬರುತ್ತದೆ ಅಂತ ಎದ್ದು ಟಾಯ್ಲೆಟ್‌ಗೆ ನಡೆಯಬಾರದು. ಇದನ್ನು ಮಕ್ಕಳಿಗೂ ಹೇಳಿಕೊಡಿ. ರಿಯಾಕ್ಷನ್ ಆದಾಗ ಎದ್ದು ನಿಂತರೆ ರಕ್ತದೊತ್ತಡ ಒಮ್ಮೆಲೇ ಕುಸಿಯಬಹುದು. ಮಲಗಿಸಿ ಕಾಲು ಎತ್ತಿಡಿ. ಉಸಿರಾಟ ಕಷ್ಟವಾದರೆ ಕೂರಿಸಿ. 5 ನಿಮಿಷದಲ್ಲಿ ಸುಧಾರಿಸದಿದ್ದರೆ ಎರಡನೇ ಡೋಸ್ ಕೊಡಿ. ಆರಾಮಾದರೂ ಇಳಿದ ಕೂಡಲೇ ಆಸ್ಪತ್ರೆಗೆ ಹೋಗಬೇಕು. ಕೆಲವರಿಗೆ ಗಂಟೆಗಳ ನಂತರ ಮತ್ತೆ ಮರುಕಳಿಸುತ್ತದೆ.

ವಾಪಸ್ ಬರುವಾಗ ಇದನ್ನೆಲ್ಲ ಮೊದಲಿನಿಂದ ಮಾಡಿ. ಆ ವಿಮಾನದ ಊಟ ಬೇರೆ ಅಡುಗೆಮನೆಯದು, ಸಿಬ್ಬಂದಿಯೂ ಬೇರೆ. ಹೋದಲ್ಲಿ ಒಂದು ಇಂಜೆಕ್ಟರ್ ಖರ್ಚಾಗಿದ್ದರೆ, ಹೊಸದು ಕೈಗೆ ಬಂದ ಮೇಲೆಯೇ ವಿಮಾನ ಹತ್ತಿ. ಅದಕ್ಕಾಗಿ ಪ್ರಯಾಣ ಒಂದು ದಿನ ಮುಂದೆ ಹೋದರೂ ಪರವಾಗಿಲ್ಲ.