ಏಜೆಂಟ್ ಇಲ್ಲದ ಮೇಳದ ಪರ್ಮಿಷನ್ ತಗದೆ: ಊಟದ ಫೈಲ್ ಬ್ಯಾರೆ, ಲಿಕ್ಕರ್ ಫೈಲ್ ಬ್ಯಾರೆ

ಊಟದ ಸ್ಟಾಲು ಮತ್ತ ಲಿಕ್ಕರ್ ಕೌಂಟರು ಎರಡೂ ಒಂದ ಜಾಗಾದಾಗ, ಅದೂ ಬೆಳಗಾವಿಯೊಳಗ, ಏಜೆಂಟ್ ಇಲ್ಲದ ಆಗೂದ ಇಲ್ಲ ಅಂತ ನನಗ ಹೇಳದವ್ರ ಇಲ್ಲ. ಕೇಟರಿಂಗ್ ಮಾಡೋ ಗೆಳ್ಯಾರು ಅಂದ್ರು, ಶಾಮಿಯಾನದಾಂವ ಅಂದ, ಮನ್ಯಾಗ ನಮ್ಮ ಅಣ್ಣನೂ ಅಂದ. 2025ರ ಫೆಬ್ರವರಿಯೊಳಗ ಖಾನಾಪುರ ರೋಡ್ ಬಾಜೂಕ ಒಂದ ಪ್ರೈವೇಟ್ ಜಾಗಾದಾಗ ಎರಡ ದಿನ 24 ಸ್ಟಾಲ್, ಒಂದ ಬಾರ್ ಕೌಂಟರ್ ಹಾಕಿ ಮುಗಿಸೇನಿ, ಒಂದೂ ಕಾಗದ ಬ್ಯಾರೆಯವ್ರ ಕೈಯಿಂದ ತಗಸಿಲ್ಲ. ಏಜೆಂಟ್ ಕೇಳಿದ್ದು 85 ಸಾವಿರ. ನನಗ ಚಲನ್, ಬಾಂಡ್ ಪೇಪರ್, ಝೆರಾಕ್ಸ್, ಪೆಟ್ರೋಲ್ ಎಲ್ಲಾ ಕೂಡಿ 38 ಸಾವಿರದ ಆಜೂಬಾಜೂ ಆತು.

ಆದ್ರ ಇದಕ್ಕಿಂತ ಮೊದ್ಲ ಎರಡ ಸಲ ಕೈ ಸುಟ್ಕೊಂಡೇನಿ. ಮೊದಲ್ನೇದು 2022ರಾಗ. ಕ್ಯಾಂಪ್‌ದಾಗ ಒಂದ ಜಾಗಾ ನೋಡಿ ಸೀದಾ ಮಹಾನಗರ ಪಾಲಿಕೆಗೆ ಅರ್ಜಿ ಬರದೆ. ಕ್ಯಾಂಪ್ ಅಂದ್ರ ಕಂಟೋನ್ಮೆಂಟ್ ಬೋರ್ಡ್ ಹದ್ದು, ಪಾಲಿಕೆಗೂ ಅದಕ್ಕೂ ಸಂಬಂಧ ಇಲ್ಲ, ಹುಟ್ಟಿದಾಗಿಂದ ಇದ ಊರಾಗ ಇದ್ದೂ ನಾ ಅದನ್ನ ಲಕ್ಷ್ಯಕ್ಕ ತಗೊಂಡಿರ್ಲಿಲ್ಲ. ಮೂರ ವಾರ ಹೋದ್ವು, ತಾರೀಖ ಮುಗೀತು. ಈಗ ನಾ ಯಾರ ಜಾಗಾ ತೋರ್ಸಿದ್ರೂ ಮೊದ್ಲ ಕೇಳೂದು ಇದು ಪಾಲಿಕೆದೋ, ಕಂಟೋನ್ಮೆಂಟ್‌ದೋ, ಪಂಚಾಯ್ತಿದೋ ಅಂತ. ಪೊಲೀಸ್ರದೂ ಹಂಗ, ಊರಾಗ ಕಮಿಷನರೇಟ್ ಐತಿ, ಹದ್ದ ದಾಟಿದ್ರ ಎಸ್‌ಪಿ ಆಫೀಸು.

ಎರಡನೇದು ದೊಡ್ಡ ಪೆಟ್ಟು. 2023ರ ಏಪ್ರಿಲ್‌ಗೆ ಮೇಳ ಇಟ್ಟಿದ್ದೆ, ಮಾರ್ಚ್ 29ಕ್ಕ ಎಲೆಕ್ಷನ್ ಡಿಕ್ಲೇರ್ ಆಗಿ ನೀತಿ ಸಂಹಿತೆ ಬಂತು. ಲಿಕ್ಕರ್ ಪರ್ಮಿಟ್ ಆಗೂ ಮಾತ ಇರ್ಲಿಲ್ಲ, ಅದು ಸರಿನೂ ಹೌದು. ಆದ್ರ ನಾ ಮಾಡಿದ್ದ ತಪ್ಪ ಏನಂದ್ರ ಊಟ, ಲಿಕ್ಕರ್, ಸ್ಪೀಕರ್ ಎಲ್ಲಾ ಒಂದ ಅರ್ಜಿಯೊಳಗ, ಒಂದ ನಕ್ಷೆಯೊಳಗ ಹಾಕಿದ್ದೆ. ಲಿಕ್ಕರ್ ನಿಂತ ಕೂಡ್ಲೇ ಫೈಲ್ ಪೂರ್ತಿ ನಿಂತು. ಗಿರಮಿಟ್ಟು ಮಿರ್ಚಿ ಮಾರೋ ಬಡವ್ರ ಸ್ಟಾಲ್ ಸೈತ ಆಗ್ಲಿಲ್ಲ. ಅವ್ರಿಗೆ ಅಡ್ವಾನ್ಸ್ ವಾಪಸ್ ಕೊಟ್ಟು, ಜಾಗಾದ ಡಿಪಾಜಿಟ್ ಬಿಟ್ಟು, ಶಾಮಿಯಾನದಾಂವ್ನ ಬಾಕಿ ತಲಿ ಮ್ಯಾಲೆ ಹೊತ್ಕೊಂಡು ಲೆಕ್ಕ ಹಾಕಿದ್ರ 2 ಲಕ್ಷದ ಮ್ಯಾಲೆ ಹೋತು.

ಅವತ್ತ ತಲ್ಯಾಗ ಕುಂತಿದ್ದು ಇಷ್ಟ, ಊಟದ ಫೈಲ್ ಬ್ಯಾರೆ, ಲಿಕ್ಕರ್ ಫೈಲ್ ಬ್ಯಾರೆ. ಅರ್ಜಿದಾರನೂ ಬ್ಯಾರೆ. ಲಿಕ್ಕರ್ ಬರ್ಲಿ ಬಿಡ್ಲಿ ಊಟ ನಡೀಬೇಕು. "ಎರಡ ಫೈಲ್ ಅಂದ್ರ ಎರಡ ಪಟ್ಟು ಓಡಾಟ ಅಲ್ಲೇನೋ ತಮ್ಮಾ" ಅಂದ ಅಣ್ಣ. ಓಡಾಟ ಒಂದೂವರೆ ಪಟ್ಟಾತು ನೋಡ್ರಿ, ಎರಡ ಪಟ್ಟಲ್ಲ.

ಊಟದ ಕಡೆ ಎಫ್‌ಎಸ್‌ಎಸ್‌ಎಐ, ಅಂದ್ರ ತಿನ್ನೂದು ಮಾರೋರು ಮಾಡಿಸ್ಬೇಕಾದ ಆಹಾರ ಸುರಕ್ಷತೆ ರಿಜಿಸ್ಟ್ರೇಷನ್. 24 ಮಂದ್ಯಾಗ 9 ಮಂದಿಗೆ ರಿಜಿಸ್ಟ್ರೇಷನ್ನ ಇರ್ಲಿಲ್ಲ. ಆಗ ವರ್ಷಕ್ಕ 12 ಲಕ್ಷದೊಳಗ ವ್ಯಾಪಾರ ಇದ್ದವ್ರಿಗೆ ವರ್ಷಕ್ಕ ಬರೇ 100 ರೂಪಾಯಿ, ಅದಕ್ಕ ಮಂದಿ ಸೈಬರ್ ಸೆಂಟರ್‌ದಾಗ ಸಾವಿರ ಒಂದೂವರೆ ಸಾವಿರ ಕೊಟ್ಟು ಬರ್ತಾರ, ನೋಡಿದ್ರ ಹೊಟ್ಟಿ ಉರೀತೈತಿ. ಒಂದ ಐತವಾರ ಎಲ್ಲಾರ್ನೂ ಮನೀಗೆ ಕರದು, ಚಾ ಕುಡ್ಸಿ, ಫೋಟೋ ಆಧಾರ್ ಇಸ್ಕೊಂಡು ಲ್ಯಾಪ್‌ಟಾಪ್ ಮುಂದ ಕುಂತೆ. ಅಂಗಡಿ ಇಲ್ಲದವ್ರು ಟೆಂಪರರಿ ಸ್ಟಾಲ್ ಅಂತ ಹಾಕ್ಬೇಕು, ಒಬ್ಬಾಕಿದು ಹೋಟೆಲ್ ಅಂತ ತಪ್ಪಿ ಒತ್ತಿದ್ದೆ, ಅದು ತಿರುಗಿ ಬಂತು. ಉಳಿದ ಎಂಟು ಐದಾರ ದಿನದಾಗ ಬಂದ್ವು. 14 ಅಂಕಿ ನಂಬರ್ ದೊಡ್ಡದಾಗಿ ಪ್ರಿಂಟ್ ಹಾಕ್ಸಿ ಎಲ್ಲಾ ಸ್ಟಾಲ್ ಹಣೀ ಮ್ಯಾಲೆ ಅಂಟಿಸಿದ್ವಿ.

ನಡುವ ಗೋಬಿ ಕಥಿ ಒಂದ ಹೇಳ್ಬೇಕು. 2024ರ ಮಾರ್ಚ್‌ದಾಗ ಸರ್ಕಾರ ಗೋಬಿ ಮಂಚೂರಿಗೆ ಕೃತಕ ಬಣ್ಣ ಬಂದ್ ಮಾಡ್ತು, ಜೂನ್‌ದಾಗ ಕಬಾಬ್‌ಗೂ ಬಂತು. ಗೋಬಿ ಸ್ಟಾಲಿನ ಹುಡುಗ ಬಣ್ಣ ಇಲ್ಲದಿದ್ರ ಯಾರೂ ತಿನ್ನೂದಿಲ್ಲ ಅಣ್ಣಾ ಅಂತ ಅಳಾಕ ಬಂದ. ಮನ್ಯಾಗ ನಾವಿಬ್ರೂ ಕುಂತು ಟ್ರಯಲ್ ತಗದ್ವಿ. ಬೀಟ್‌ರೂಟ್ ರಸ ಹಾಕಿದ್ವಿ, ಎಣ್ಣ್ಯಾಗ ಬಿಟ್ಟ ಕೂಡ್ಲೇ ಇದ್ದಿಲ ಬಣ್ಣ ಆತು. ಬರೇ ಖಾರಪುಡಿ ಹಾಕಿದ್ರ ಸೀದು ಕಹಿ. ಕಡೀಕ ಬ್ಯಾಡಗಿ ಮೆಣಸಿನಕಾಯಿ ಬೀಜ ತಗದು, ಬಿಸಿನೀರಾಗ ನೆನಸಿ ನುಣ್ಣಗ ರುಬ್ಬಿ ಹಿಟ್ಟಿಗೆ ಕಲಸಿದ್ವಿ, ಕೆಂಪ ಬಂತು ನೋಡ್ರಿ, ಬೆರಳಿಗೂ ಹತ್ತೂದಿಲ್ಲ. ಜೊತಿಗೆ ಇನ್ನೊಂದ ಸಾಮಾನ ಹಾಕ್ತೀವಿ, ಅದು ಆ ಹುಡುಗನ ಹೊಟ್ಟಿಪಾಡು, ನಾ ಹೇಳೂದಿಲ್ಲ. ಎರಡ ದಿನದಾಗ 600 ಪ್ಲೇಟ್ ಹೋತು ಅಂದ.

ಲಿಕ್ಕರ್ ಫೈಲ್ ಉಲ್ಟಾ ಹಿಡೀಬೇಕು, ಅಂದ್ರ ಕಡೀ ಸಹಿಯಿಂದ ಹಿಂದಕ್ಕ ಎಣಿಸ್ಬೇಕು. ಒಂದೆರಡ ದಿನದ ಕಾರ್ಯಕ್ರಮಕ್ಕ ಬೇಕಾಗೂದು ಸಿಎಲ್-5, ಅಕೇಜನಲ್ ಲೈಸೆನ್ಸ್, ಅಬಕಾರಿ ಡೆಪ್ಯುಟಿ ಕಮಿಷನರ್ ಆಫೀಸಿಂದು. ಅದಕ್ಕಿಂತ ಮೊದ್ಲ ಪೊಲೀಸ್ ಎನ್‌ಒಸಿ, ಅಂದ್ರ ನಮ್ಮ ತಕರಾರಿಲ್ಲ ಅನ್ನೋ ಕಾಗದ, ಅದಕ್ಕಿಂತ ಮೊದ್ಲ ಜಾಗಾದವ್ರ ಒಪ್ಪಿಗಿ ಬಾಂಡ್ ಮ್ಯಾಲೆ. ನಾ 45 ದಿನ ಇಟ್ಕೊಂಡಿದ್ದೆ. ಡಿಸೆಂಬರ್‌ದಾಗ ಸುವರ್ಣಸೌಧದಾಗ ಅಧಿವೇಶನ ಇರ್ತೈತಿ, ಪೊಲೀಸ್ರೆಲ್ಲಾ ಬಂದೋಬಸ್ತ್‌ದಾಗ, ಆ ಹೊತ್ತಿನ್ಯಾಗ ಫೈಲ್ ಹಿಡ್ಕೊಂಡು ನಿಲ್ಲಬ್ಯಾಡ್ರಿ. ನಾ ಫೆಬ್ರವರಿ ಆರಿಸಿದ್ದ ಅದಕ್ಕ. ಜನವರಿ 26, ಆಗಸ್ಟ್ 15, ಅಕ್ಟೋಬರ್ 2 ಬಾಜೂಕ ಸೈತ ತಾರೀಖ ಇಡೂದಿಲ್ಲ.

ನಕ್ಷೆ ನಾನ ತೆಗದೆ, ಟೇಪ್ ಹಿಡ್ದು ಅಳತಿ ಮಾಡಿ. ಬಾರ್ ಸುತ್ತ ತಗಡಿನ ಗ್ವಾಡಿ, ಬ್ಯಾರೆ ಗೇಟ್, ಊಟದ ಕಡೆಯಿಂದ ಒಳಗ ಕಾಣ್ಬಾರ್ದು. ಖಾಯಂ ಬಾರ್‌ಗಳಿಗೆ ಶಾಲೆ, ಗುಡಿ, ದವಾಖಾನೆಯಿಂದ 100 ಮೀಟರ್ ಅಂತರ ಐತಲ್ಲ, ಯಾರೂ ಕೇಳೂದ್ರೊಳಗ ಆ ಲೆಕ್ಕ ನಾನ ನಕ್ಷೆಯೊಳಗ ಬರದು ತೋರ್ಸಿದೆ. ಒಳಗ ಬರೋರಿಗೆ 21 ವಯಸ್ಸು ನೋಡಿ ಕೈಗೆ ಪಟ್ಟಿ, ಪಟ್ಟಿ ಇಲ್ಲದಿದ್ರ ಎಂಎಲ್‌ಎ ಮಗಾ ಆದ್ರೂ ಇಲ್ಲ ಅಂತ ಗೇಟಿನ ಹುಡುಗರಿಗೆ ಹೇಳಿಟ್ಟಿದ್ದೆ. ಫೈಲಿನ ಮೊದಲ್ನೇ ಹಾಳೀ ಮ್ಯಾಲೆ ಏನ ಬರದಿದ್ದೆ ಅನ್ನೂದು ಮಾತ್ರ ನನ್ನಲ್ಲೇ ಇರ್ಲಿ, ಅದನ್ನ ಓದಿದ ಸಾಹೇಬ್ರು ಮುಂದಿನ ಹಾಳಿ ತಿರುವ್ಯಾಕ ಹೆಚ್ಚ ಹೊತ್ತ ತಗೊಳ್ಳಲಿಲ್ಲ.

ಒಬ್ಬ ಪಾರ್ಟನರ್ ಆಗ್ತೀನಂತ ಬಂದಾಂವ "ಗೋವಾದಿಂದ ತರೂನು, ಅರ್ಧಾ ರೇಟು" ಅಂದ. ಅವ್ನ ಅವತ್ತ ಬಿಟ್ಟೆ. ಚೋರ್ಲಾ ಘಾಟ್ ಹತ್ತಿ ಬರೋ ಬಾಟ್ಲಿ ಮ್ಯಾಲೆ ನಮ್ಮ ರಾಜ್ಯದ ಅಬಕಾರಿ ಲೇಬಲ್ ಇರೂದಿಲ್ಲ, ಸಿಕ್ಕ್ರ ಮೇಳ ಅಷ್ಟ ಅಲ್ಲ, ನೀವೂ ಒಳಗ. ಎಲ್ಲಾ ಮಾಲು ಇಲ್ಲೇ ಲೈಸೆನ್ಸ್ ಅಂಗಡ್ಯಾಗ ಬಿಲ್ ಹಾಕ್ಸಿ ತಂದೆ. ಮೊದಲ್ನೇ ದಿನ ಸಂಜಿ ಎಂಟೂವರೆಗೆ ಚೆಕಿಂಗ್ ಬಂದ್ರು. ಸಾಹೇಬ್ರು ಕ್ರೇಟಿನಿಂದ ಒಂದ ಬಾಟ್ಲಿ ಎತ್ತಿ, ಮುಚ್ಚಳದ ಮ್ಯಾಲಿನ ಲೇಬಲ್ ಮೊಬೈಲ್ ಬೆಳಕ ಬಿಟ್ಟು ನೋಡಿ, ಬಿಲ್ ಕೇಳಿ, ಲ್ಯಾಮಿನೇಷನ್ ಮಾಡ್ಸಿ ತೂಗಹಾಕಿದ್ದ ಲೈಸೆನ್ಸ್ ಓದಿ, "ರಿಜಿಸ್ಟರ್ ಎಲ್ಲಿ" ಅಂದ್ರು. ಮಾರಿದ್ದರ ಲೆಕ್ಕಕ್ಕ ಅದ್ರಾಗ ಹತ್ತ ನಿಮಿಷಕ್ಕೊಮ್ಮೆ ಗೀಟು ಎಳ್ಯಾಕ ಅಣ್ಣನ್ನ ಕೂಡ್ಸಿದ್ದೆ, ತಗದು ತೋರ್ಸಿದ. ನೋಡಿ ಸಹಿ ಹಾಕಿ ಹೋದ್ರು, ಮುಗೀತು.

ಬೆಂಕಿದು ಬಿಟ್ಟ್ರ ಆಗೂದಿಲ್ಲ. 19 ಕೆಜಿ ಕಮರ್ಷಿಯಲ್ ಸಿಲಿಂಡರ್ ಅಷ್ಟ ಒಳಗ ಅಂತ ಹೇಳಿದ್ರೂ ಇಬ್ರು ಮನಿ ಸಿಲಿಂಡರ್ ಚೀಲದಾಗ ಮುಚ್ಚಿ ತಂದಿದ್ರು, ಗೇಟಿನಿಂದ ವಾಪಸ್ ಕಳ್ಸಿದೆ, ಒಬ್ಬಾಂವ ಬೈದ, ಬೈಲಿ. ಕರೆಂಟಿಗೆ ಹೆಸ್ಕಾಂ ಟೆಂಪರರಿ ಮೀಟರ್ ಸುಲಭ. ಸ್ಪೀಕರ್ ಹತ್ತಕ್ಕ ಬಂದ್, ಬಾರ್ ಕೌಂಟರ್ ನಾವ ಒಂಬತ್ತೂ ಮುಕ್ಕಾಲಿಗೆ ಬಂದ್ ಮಾಡಿದ್ವಿ.

ಸ್ಟಾಲ್ ಬಾಡಿಗಿ ತಲಾ 6 ಸಾವಿರದಂಗ 1 ಲಕ್ಷ 44 ಸಾವಿರ ಬಂತು, ಬಾರ್‌ದಾಗ ಖರ್ಚ ಹೋಗಿ 70 ಸಾವಿರ ಇರ್ಬೇಕು. ಜಾಗಾ, ಜನರೇಟರ್, ಹುಡುಗರ ಪಗಾರ, ಕಾಗದದ್ದು ಎಲ್ಲಾ ಕಳದು ಕೈಯಾಗ ಉಳದದ್ದು ಲಕ್ಷಕ್ಕ ಸ್ವಲ್ಪ ಕಡಿಮಿ. ಸೋಮವಾರ ಮುಂಜಾನೆ ಶಾಮಿಯಾನದಾಂವ್ನ ಅಂಗಡಿಗೆ ಹೋಗಿ 2023ರ ಬಾಕಿ 41 ಸಾವಿರ ಎಣಿಸಿ ಕೊಟ್ಟು ಬಂದೆ.