ಬಾಡಿಗೆಯೋ, ಖರೀದಿಯೋ: ಡಿಸೈನ್ ಸಾಫ್ಟ್‌ವೇರ್ ಆಯ್ಕೆ ಮಾಡುವುದು ಹೇಗೆ?

ಊರಿನಲ್ಲಿ ಲಗ್ನಪತ್ರಿಕೆ, ಫ್ಲೆಕ್ಸ್, ವಿಸಿಟಿಂಗ್ ಕಾರ್ಡ್ ಮಾಡಿಕೊಡುವ ಡಿಟಿಪಿ ಅಂಗಡಿ ಇಡುವವರು ಕಂಪ್ಯೂಟರ್, ಪ್ರಿಂಟರ್‌ಗೆ ಎಷ್ಟು ಬೇಕೆಂದು ಕರಾರುವಾಕ್ಕಾಗಿ ಲೆಕ್ಕ ಹಾಕುತ್ತಾರೆ. ಸಾಫ್ಟ್‌ವೇರ್ ವಿಷಯ ಬಂದಾಗ ಮಾತ್ರ ಲೆಕ್ಕ ತಪ್ಪುತ್ತದೆ. ಒಮ್ಮೆ ದುಡ್ಡು ಕೊಟ್ಟು ಸಿ.ಡಿ. ತಂದರೆ ಮುಗಿಯಿತು ಎನ್ನುವ ಕಾಲ ಹೋಗಿದೆ. ಇನ್ನು ಮುಂದೆ ಚಂದಾ ರೂಪದಲ್ಲಿ ಮಾತ್ರ ಹೊಸ ಆವೃತ್ತಿ ಕೊಡುವುದಾಗಿ ಫೋಟೊಶಾಪ್ ತಯಾರಿಸುವ ಅಡೋಬಿ ಕಂಪನಿ 2013ರ ಮೇ ತಿಂಗಳಲ್ಲಿ ಘೋಷಿಸಿತು. 2012ರಲ್ಲಿ ಬಂದ ಸಿಎಸ್6 ಫೋಟೊಶಾಪ್, ಒಮ್ಮೆ ಕೊಂಡು ಇಟ್ಟುಕೊಳ್ಳಬಹುದಾಗಿದ್ದ ಕೊನೆಯ ಪೂರ್ಣ ಆವೃತ್ತಿ. ಅಲ್ಲಿಂದೀಚೆಗೆ ‘ಬಾಡಿಗೆಯೋ, ಸ್ವಂತವೋ’ ಎಂಬ ಪ್ರಶ್ನೆಯನ್ನು ಪ್ರತಿ ಅಂಗಡಿಯೂ, ಪ್ರತಿ ಸ್ಟುಡಿಯೊವೂ ಎದುರಿಸಲೇಬೇಕಾಗಿದೆ.

1. ತಿಂಗಳ ಲೆಕ್ಕ ಬಿಡಿ, ಐದು ವರ್ಷದ್ದು ಹಾಕಿ

ಜಾಹೀರಾತಿನಲ್ಲಿ ಕಾಣುವುದು ತಿಂಗಳ ದರ. ಅದು ಕೈಗೆಟಕುವಂತೆಯೇ ಇರುತ್ತದೆ. ಉದಾಹರಣೆಗೆ, ಚಂದಾ ತಿಂಗಳಿಗೆ ₹2,000 ಎಂದಿಟ್ಟುಕೊಳ್ಳಿ. ಶೇ 18 ಜಿಎಸ್‌ಟಿ ಸೇರಿ ₹2,360. ವರ್ಷಕ್ಕೆ ₹28,320, ಐದು ವರ್ಷಕ್ಕೆ ₹1,41,600. ಒಮ್ಮೆಲೇ ಕೊಳ್ಳುವ ಸಾಫ್ಟ್‌ವೇರ್ ಬೆಲೆ ₹40,000 ಇದ್ದರೆ ತೆರಿಗೆ ಸೇರಿ ₹47,200. ಅಂದರೆ ಇಪ್ಪತ್ತು ತಿಂಗಳ ಬಾಡಿಗೆಗೆ ಅದರ ಬೆಲೆ ಸಮವಾಯಿತು. ಐದು ವರ್ಷದೊಳಗೆ ಇನ್ನೊಮ್ಮೆ ಹೊಸ ಆವೃತ್ತಿ ಕೊಂಡರೂ ₹94,400ಕ್ಕೆ ಮುಗಿಯುತ್ತದೆ. ನಿಮಗೆ ಬೇಕಾದ ಸಾಫ್ಟ್‌ವೇರ್‌ನ ಇವತ್ತಿನ ದರ ಹಾಕಿ ಇದೇ ಲೆಕ್ಕವನ್ನು ಕಾಗದದ ಮೇಲೆ ಮಾಡಿ ನೋಡಿ.

ತೆರಿಗೆಯನ್ನೂ ಮರೆಯಬೇಡಿ. ಜಿಎಸ್‌ಟಿ ನೋಂದಣಿ ಇದ್ದು ಬಿಲ್ಲಿನಲ್ಲಿ ನಿಮ್ಮ ಜಿಎಸ್‌ಟಿ ಸಂಖ್ಯೆ ನಮೂದಾಗಿದ್ದರೆ ಆ ಶೇ 18ನ್ನು ಇನ್‌ಪುಟ್ ಕ್ರೆಡಿಟ್ ಆಗಿ ಪಡೆಯಬಹುದು, ಅಂದರೆ ನೀವು ಕಟ್ಟಬೇಕಾದ ಜಿಎಸ್‌ಟಿಯಲ್ಲಿ ಕಳೆದುಕೊಳ್ಳಬಹುದು. ಸಣ್ಣ ವ್ಯಾಪಾರಿಗಳು ವಹಿವಾಟಿನ ಮೇಲೆ ಸರಳ ದರದಲ್ಲಿ ತೆರಿಗೆ ಕಟ್ಟುವ ಕಾಂಪೊಸಿಷನ್ ಪದ್ಧತಿಯಲ್ಲಿರುವವರಿಗೆ ಆ ಸೌಲಭ್ಯವಿಲ್ಲ. ಆದಾಯ ತೆರಿಗೆಯಲ್ಲಿ ಚಂದಾ ಆಯಾ ವರ್ಷದ ಖರ್ಚು. ಕೊಂಡ ಸಾಫ್ಟ್‌ವೇರ್ ಮೇಲೆ ವರ್ಷಕ್ಕೆ ಶೇ 40ರಂತೆ ಸವಕಳಿ ತೋರಿಸಬಹುದು.

2. ‘ಖರೀದಿ’ ನಿಜಕ್ಕೂ ಖರೀದಿಯೇ ಎಂದು ಓದಿ ನೋಡಿ

ಒಂದೇ ಸಲ ಹಣ ಕಟ್ಟಿದ ಮಾತ್ರಕ್ಕೆ ಸಾಫ್ಟ್‌ವೇರ್ ಕಾಯಂ ನಿಮ್ಮದಾಗುವುದಿಲ್ಲ. ಫೋಟೊಶಾಪ್‌ನ ಸರಳ ರೂಪವಾದ ಎಲಿಮೆಂಟ್ಸ್ 2025ಕ್ಕೆ ಹಣ ಕಟ್ಟುವುದು ಒಂದೇ ಸಲ, ಆದರೆ ಪರವಾನಗಿ ಮೂರು ವರ್ಷಕ್ಕೆ ಮಾತ್ರ. ಇನ್ನು, ಕಾಯಂ ಪರವಾನಗಿಗೂ ಆಯಸ್ಸು ಇದ್ದೇ ಇದೆ. 2019ರಲ್ಲಿ ಬಂದ, ಮ್ಯಾಕ್ ಕಂಪ್ಯೂಟರ್ ನಡೆಸುವ ಕ್ಯಾಟಲಿನಾ ಆವೃತ್ತಿ ಹಳೆಯ ಬಗೆಯ 32 ಬಿಟ್ ಪ್ರೋಗ್ರಾಂಗಳನ್ನು ಓಡಿಸುವುದನ್ನೇ ನಿಲ್ಲಿಸಿದ್ದರಿಂದ ಎಷ್ಟೋ ಹಳೆಯ ಡಿಸೈನ್ ಸಾಫ್ಟ್‌ವೇರ್‌ಗಳು ಮೂಲೆ ಸೇರಿದವು.

ಚಂದಾದಾರರಿಗೆ ತೊಂದರೆ ಬೇರೆ ರೀತಿಯದು. ಸೌಲಭ್ಯ ಸೇರುವಂತೆ ಕಳಚಿಯೂ ಹೋಗುತ್ತದೆ. ಹಳೆಯ ಟೈಪ್ 1 ಫಾಂಟ್‌ಗಳಿಗೆ ಅಡೋಬಿ 2023ರ ಜನವರಿಯಲ್ಲಿ ಬೆಂಬಲ ನಿಲ್ಲಿಸಿತು. ಹಳೆಯ ಪುಸ್ತಕಗಳ ಪುಟಗಳನ್ನು ಆ ಫಾಂಟ್‌ನಲ್ಲಿ ಕಟ್ಟಿಟ್ಟಿದ್ದವರಿಗೆ ಹೊಸ ಆವೃತ್ತಿಯಲ್ಲಿ ಅವು ಕೈಕೊಟ್ಟವು.

3. ಕನ್ನಡ ಟೈಪ್ ಮಾಡಿ ಪರೀಕ್ಷಿಸಿ

ಇಂಗ್ಲಿಷ್ ವಿಡಿಯೊ, ವಿಮರ್ಶೆಗಳಲ್ಲಿ ಈ ವಿಷಯ ಬರುವುದೇ ಇಲ್ಲ. ನಮಗೆ ಮಾತ್ರ ಇದೇ ಮುಖ್ಯ. ಗ್ರಾಹಕರು ಈಗ ಮ್ಯಾಟರ್ ಕಳಿಸುವುದು ವಾಟ್ಸ್‌ಆ್ಯಪ್‌ನಲ್ಲಿ, ಅದೂ ಯುನಿಕೋಡ್‌ನಲ್ಲಿ, ಅಂದರೆ ಈಗಿನ ಮೊಬೈಲ್, ಕಂಪ್ಯೂಟರ್‌ಗಳೆಲ್ಲ ಬಳಸುವ ಸಮಾನ ಅಕ್ಷರ ಸಂಕೇತದಲ್ಲಿ. ಅಂಗಡಿಯ ಹಳೆಯ ಕಂಪ್ಯೂಟರ್‌ನಲ್ಲಿ ಇನ್ನೂ ಪುಟ ಕಟ್ಟುವ 2001ರ ಪೇಜ್‌ಮೇಕರ್ 7, ಜೊತೆಗೆ ನುಡಿ ತಂತ್ರಾಂಶದ ಹಳೆಯ ಬಗೆಯ ಆಸ್ಕಿ ಫಾಂಟ್. ಪೇಜ್‌ಮೇಕರ್‌ಗೆ ಯುನಿಕೋಡ್ ಗೊತ್ತಿಲ್ಲ. ಹಾಗಾಗಿ ಪ್ರತಿ ಮ್ಯಾಟರನ್ನೂ ಕನ್ವರ್ಟರ್‌ಗೆ ಹಾಕಿ, ಒಡೆದ ಅಕ್ಷರಗಳನ್ನು ಕೂತು ತಿದ್ದಬೇಕು. ದಿನಕ್ಕೆ ಹತ್ತು ಪತ್ರಿಕೆ ಮಾಡುವ ಕಡೆ ಈ ತಿದ್ದುವ ಕೆಲಸವೇ ದೊಡ್ಡ ಖರ್ಚು.

ಆದ್ದರಿಂದ ಯಾವುದಕ್ಕೂ ಹಣ ಕಟ್ಟುವ ಮೊದಲು ಟ್ರಯಲ್ ಹಾಕಿಕೊಂಡು ‘ಸ್ತ್ರೀ’, ‘ರಾಷ್ಟ್ರ’, ‘ಜ್ಯೋತ್ಸ್ನಾ’, ‘ಸೂರ್ಯ’ ಎಂಬ ನಾಲ್ಕು ಪದಗಳನ್ನು ಯುನಿಕೋಡ್‌ನಲ್ಲಿ ಟೈಪ್ ಮಾಡಿ. ಒತ್ತಕ್ಷರ ಕೆಳಗೆ ಕೂರದೆ ಪಕ್ಕಕ್ಕೆ ಜಾರಿದರೆ, ‘ಸೂರ್ಯ’ದ ಅರ್ಕಾವೊತ್ತು ಬಿಟ್ಟುಹೋಗಿ ‘ರ್’ ಬೇರೆಯಾಗಿ ನಿಂತರೆ ಅದನ್ನು ಅಲ್ಲೇ ಕೈಬಿಡಿ. ಪುಟ ಕಟ್ಟುವ ಅಡೋಬಿಯ ಇನ್‌ಡಿಸೈನ್‌ನಲ್ಲಾದರೆ ‘ವರ್ಲ್ಡ್-ರೆಡಿ ಕಂಪೋಸರ್’ ಆಯ್ಕೆ ಮಾಡಿದ ಮೇಲೆ ನೋಡಿ, ಇಲ್ಲವಾದರೆ ಸರಿಯಿರುವುದೂ ತಪ್ಪಾಗಿ ಕಾಣುತ್ತದೆ. ಉಚಿತವಾಗಿ ಸಿಗುವ, ಫೋಟೊ ತಿದ್ದುವ ಗಿಂಪ್ ಮತ್ತು ಚಿತ್ರ ಬರೆಯುವ ಇಂಕ್‌ಸ್ಕೇಪ್ ಯುನಿಕೋಡ್ ಕನ್ನಡವನ್ನು ಸರಿಯಾಗಿಯೇ ಜೋಡಿಸುತ್ತವೆ. ದುಡ್ಡಿನ ಸಾಫ್ಟ್‌ವೇರ್ ಎಂದಾಕ್ಷಣ ಕನ್ನಡ ಸರಿ ಬರುತ್ತದೆ ಎಂದುಕೊಳ್ಳಬೇಡಿ.

4. ಬಿಡುವ ದಾರಿ ಮೊದಲೇ ನೋಡಿಕೊಳ್ಳಿ

‘ವಾರ್ಷಿಕ ಪ್ಲಾನ್, ತಿಂಗಳ ಪಾವತಿ’ ಎಂದಿದ್ದರೆ ಎಚ್ಚರ. ಅದು ತಿಂಗಳ ಪ್ಲಾನ್ ಅಲ್ಲ. ಅಡೋಬಿಯ ಈ ಬಗೆಯ ಪ್ಲಾನ್‌ನಲ್ಲಿ ಮೊದಲ 14 ದಿನ ಕಳೆದ ಮೇಲೆ ನಿಲ್ಲಿಸಿದರೆ, ಉಳಿದ ತಿಂಗಳುಗಳ ಮೊತ್ತದಲ್ಲಿ ಅರ್ಧ ಕಟ್ಟಬೇಕಾಗುತ್ತದೆ. ನಾಲ್ಕು ತಿಂಗಳಿಗೆ ಬಿಟ್ಟರೆ ಉಳಿದ ಎಂಟರಲ್ಲಿ ನಾಲ್ಕು ತಿಂಗಳ ಹಣ ದಂಡ. ಈ ಶುಲ್ಕವನ್ನು ಗ್ರಾಹಕರಿಂದ ಮರೆಮಾಚಲಾಗಿದೆ ಎಂದು ಆರೋಪಿಸಿ ಗ್ರಾಹಕರ ಹಿತ ಕಾಯುವ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್‌ನ ಶಿಫಾರಸಿನ ಮೇಲೆ ಅಲ್ಲಿನ ನ್ಯಾಯಾಂಗ ಇಲಾಖೆ 2024ರ ಜೂನ್‌ನಲ್ಲಿ ದಾವೆ ಹೂಡಿತು. ಮದುವೆ ಸೀಸನ್‌ನಲ್ಲಿ ಮಾತ್ರ ಕೆಲಸ ಇರುವವರು ದರ ಹೆಚ್ಚಿದ್ದರೂ ನಿಜವಾದ ತಿಂಗಳ ಪ್ಲಾನ್ ತೆಗೆದುಕೊಂಡು ಆಷಾಢದಲ್ಲಿ ನಿಲ್ಲಿಸುವುದು ಮೇಲು.

ಟ್ರಯಲ್‌ಗೆ ಕಾರ್ಡ್ ನಂಬರ್ ಕೊಟ್ಟಿದ್ದರೆ ಅವಧಿ ಮುಗಿಯುವ ದಿನವನ್ನು ಮೊಬೈಲ್‌ನಲ್ಲಿ ಗುರುತು ಹಾಕಿಕೊಳ್ಳಿ. ಖಾತೆಯಿಂದ ತಾನಾಗಿಯೇ ಹಣ ಕಡಿತಕ್ಕೆ ನಾವು ಕೊಡುವ ಒಪ್ಪಿಗೆಯ (ಇ-ಮ್ಯಾಂಡೇಟ್) ಬಗ್ಗೆ ರಿಸರ್ವ್ ಬ್ಯಾಂಕಿನ ನಿಯಮದ ಪ್ರಕಾರ ಹಣ ಕಡಿತಕ್ಕೆ 24 ಗಂಟೆ ಮೊದಲು ಬ್ಯಾಂಕಿನಿಂದ ಸಂದೇಶ ಬರಬೇಕು. ಆ ಸಂದೇಶವನ್ನು ಓದದೆ ಅಳಿಸಬೇಡಿ, ಮ್ಯಾಂಡೇಟ್ ರದ್ದು ಮಾಡುವ ದಾರಿ ಅದರಲ್ಲೇ ಇರುತ್ತದೆ.

5. ನಿಮ್ಮ ಕೆಲಸಕ್ಕೆ ಯಾವುದು?

ಮದುವೆ ಫೋಟೊಗ್ರಾಫರ್‌ಗೆ ಚಂದಾ ಹೊಂದುತ್ತದೆ. ಕ್ಯಾಮೆರಾ ಹೊಸದಾದಂತೆ ಅದರ ರಾ ಫೈಲ್ (ಕ್ಯಾಮೆರಾ ಕೊಡುವ ಸಂಸ್ಕರಿಸದ ಮೂಲ ಚಿತ್ರ) ತೆರೆಯಲು ಸಾಫ್ಟ್‌ವೇರೂ ಹೊಸದಾಗುತ್ತಲೇ ಇರಬೇಕು. ಫೋಟೊ ತಿದ್ದುವ ಅಡೋಬಿಯ ಲೈಟ್‌ರೂಮ್ ಕ್ಲಾಸಿಕ್‌ನ ಚಂದಾ ಮುಗಿದರೂ ಚಿತ್ರಗಳನ್ನು ನೋಡಬಹುದು, ಎಕ್ಸ್‌ಪೋರ್ಟ್ ಮಾಡಬಹುದು. ತಿದ್ದುವ ಡೆವಲಪ್ ವಿಭಾಗ, ಮ್ಯಾಪ್ ವಿಭಾಗ ಬಂದ್ ಆಗುತ್ತವೆ. ಇದು ನ್ಯಾಯವಾದ ಏರ್ಪಾಡು.

ಫ್ಲೆಕ್ಸ್, ಸ್ಟಿಕ್ಕರ್, ಲಗ್ನಪತ್ರಿಕೆಯವರಿಗೆ ನಾನು ಹೇಳುವುದು ಖರೀದಿಯನ್ನೇ. ಕೋರೆಲ್‌ಡ್ರಾ ಬಹುಕಾಲದಿಂದ ಎರಡೂ ರೀತಿಯಲ್ಲಿ ಮಾರಾಟವಾಗುತ್ತ ಬಂದಿದೆ. ಈ ಕೆಲಸಕ್ಕೆ ಪ್ರತಿ ವರ್ಷದ ಹೊಸ ಸೌಲಭ್ಯ ಬೇಕಾಗುವುದಿಲ್ಲ. ಪ್ರೆಸ್ಸಿನವರೇ ‘ಹಳೇ ವರ್ಷನ್‌ಗೆ ಸೇವ್ ಮಾಡಿ ಕಳಿಸಿ’ ಎನ್ನುತ್ತಾರೆ, ಏಕೆಂದರೆ ಹೊಸ ಕೋರೆಲ್‌ಡ್ರಾದ ಸಿಡಿಆರ್ ಫೈಲ್ ಹಳೆಯದರಲ್ಲಿ ತೆರೆಯುವುದಿಲ್ಲ.

ಕಲಿಯುವ ಹುಡುಗ, ಹುಡುಗಿಯರು, ಸಂಘದ ಕರಪತ್ರ ಮಾಡುವವರು ದುಡ್ಡು ಕೊಡುವ ಅಗತ್ಯವೇ ಇಲ್ಲ. 2025ರ ಮಾರ್ಚ್‌ನಲ್ಲಿ ಬಂದ ಗಿಂಪ್ 3.0ರಲ್ಲಿ ಮೂಲ ಚಿತ್ರ ಕೆಡದಂತೆ ಫಿಲ್ಟರ್ ಹಾಕಬಹುದು. ಬಹುಬಣ್ಣದ ಆಫ್‌ಸೆಟ್ ಮುದ್ರಣಕ್ಕೆ ಪುಟ ಕಟ್ಟಲು ಸ್ಕ್ರೈಬಸ್ ಇದೆ, ಮುದ್ರಣದ ನಾಲ್ಕು ಶಾಯಿಗೆ ಹೊಂದುವ ಸಿಎಂವೈಕೆ ಪಿಡಿಎಫ್ ಕೊಡುತ್ತದೆ. ಅಫಿನಿಟಿ ಎಂಬ ಡಿಸೈನ್ ಸಾಫ್ಟ್‌ವೇರನ್ನು ಹಿಂದೆ ಒಮ್ಮೆಲೇ ಕೊಳ್ಳಬೇಕಿತ್ತು. 2024ರಲ್ಲಿ ಕ್ಯಾನ್ವಾ ಅದನ್ನು ಕೊಂಡುಕೊಂಡು, 2025ರ ಅಕ್ಟೋಬರ್‌ನಿಂದ ಉಚಿತವಾಗಿ ಕೊಡುತ್ತಿದೆ, ಎಐ ಸೌಲಭ್ಯಗಳಿಗೆ ಮಾತ್ರ ಚಂದಾ. ಬಳಸುವ ಮೊದಲು ಮೂರನೇ ಹೆಜ್ಜೆಯ ಪರೀಕ್ಷೆ ಇದಕ್ಕೂ ಆಗಬೇಕು.

ಕ್ರ್ಯಾಕ್ ಮಾಡಿದ ಪ್ರತಿ ಬೇಡವೇ ಬೇಡ. ಅದನ್ನು ಗೊತ್ತಿದ್ದೂ ಬಳಸಿದರೆ ಹಕ್ಕುಸ್ವಾಮ್ಯ ಕಾಯ್ದೆಯ 63ಬಿ ಸೆಕ್ಷನ್ ಪ್ರಕಾರ ಏಳು ದಿನದಿಂದ ಮೂರು ವರ್ಷದವರೆಗೆ ಜೈಲು, ₹50,000ದಿಂದ ₹2 ಲಕ್ಷದವರೆಗೆ ದಂಡ ಇದೆ.

6. ಗ್ರಾಹಕರ ಫೈಲ್‌ಗಳನ್ನು ಉಳಿಸಿಕೊಳ್ಳಿ

ಚಂದಾ ನಿಂತ ದಿನ ನಿಮ್ಮದೇ ಕೆಲಸ ತೆರೆಯದಂತಾಗಬಾರದು. ಆ ದಿನಕ್ಕೆ ಕಾಯದೆ, ಕೆಲಸ ಮುಗಿದ ದಿನವೇ ಇದನ್ನು ಮಾಡಿ. ಫೋಟೊಶಾಪ್‌ನ ಪಿಎಸ್‌ಡಿ ಫೈಲ್‌ಗಳನ್ನು ಗಿಂಪ್, ಬ್ರೌಸರ್‌ನಲ್ಲೇ ನಡೆಯುವ ಫೋಟೊಪಿಯಾ ಮುಂತಾದವು ತೆರೆಯುತ್ತವೆ, ಆತಂಕವಿಲ್ಲ. ಇನ್‌ಡಿಸೈನ್ ಫೈಲ್ ಹಾಗಲ್ಲ. ಬೇರೆ ಸಾಫ್ಟ್‌ವೇರ್‌ಗಳೂ ತೆರೆಯಬಲ್ಲ ಅದರ ಐಡಿಎಂಎಲ್ ರೂಪದ ಪ್ರತಿಯೊಂದನ್ನು ತೆಗೆದಿಡಿ. ಪ್ರತಿ ಕೆಲಸಕ್ಕೂ ಫಾಂಟ್ ಎಂಬೆಡ್ ಆದ ಪಿಡಿಎಫ್ ಒಂದು ಇರಲಿ. ಫಾಂಟ್ ಇಲ್ಲದಿದ್ದರೂ ಕೆಡದಂತೆ ಅಕ್ಷರಗಳನ್ನು ಕರ್ವ್‌ಗೆ (ರೇಖಾಚಿತ್ರಕ್ಕೆ) ಬದಲಿಸಿದ ಪ್ರತಿ ಇನ್ನೊಂದು, ಮ್ಯಾಟರ್ ಮಾತ್ರ ಇರುವ ಯುನಿಕೋಡ್ ಟೆಕ್ಸ್ಟ್ ಫೈಲ್ ಮತ್ತೊಂದು. ಗ್ರಾಹಕರ ಹೆಸರು, ವರ್ಷ ಬರೆದ ಫೋಲ್ಡರ್‌ನಲ್ಲಿ ಇವನ್ನು ಹಾಕಿ, ಹೊರಗಿನ ಹಾರ್ಡ್ ಡಿಸ್ಕ್‌ನಲ್ಲೂ ಒಂದು ನಕಲು ಇಡಿ.