ನಿಂಬೆ ಉಪ್ಪಿನ ಕಾಗದಕ್ಕೆ ಸಿಕ್ಕ ಅಮೋನಿಯಾ

ಗಾಳಿಯ ಅಮೋನಿಯಾ ಅಳೆಯಬೇಕಾದರೆ ಇಂಪಿಂಜರ್ (ಗಾಳಿಯನ್ನು ದ್ರಾವಣದೊಳಗೆ ಗುಳ್ಳೆಗುಳ್ಳೆಯಾಗಿ ಹಾಯಿಸುವ ಗಾಜಿನ ಬಾಟಲಿ) ಇರಲೇಬೇಕು ಅಂತ ಹಾಸನದ ನಮ್ಮ ಲ್ಯಾಬ್ ಗೆಳೆಯರ ಹಟ. ಸಿಟ್ರಿಕ್ ಆಸಿಡ್ ಹಚ್ಚಿದ ಫಿಲ್ಟರ್ ಸಾಕು ಅಂದಾಗ ಒಬ್ಬರು, "ಏನ್ ಸಾರ್, ನಿಂಬೆ ಉಪ್ಪಿನ ಕಾಗದದಲ್ಲಿ ಗಾಳಿ ಹಿಡೀತೀರಾ?" ಎಂದು ನಕ್ಕಿದ್ದರು. ಈಗ ಅವರೇ ಬಂದು ಫಿಲ್ಟರ್ ಕೇಳುತ್ತಾರೆ. ಕೊಡುತ್ತೇನೆ, ಆದರೆ ಆ ಮಾತು ನೆನಪಿಸಿಯೇ ಕೊಡುತ್ತೇನೆ!

ಇಂಪಿಂಜರ್ ಕೆಟ್ಟದ್ದೇನಲ್ಲ. ಆದರೆ ಆಲೂಗಡ್ಡೆ ಹೊಲದ ಬದುವಿನ ಮೇಲೆ ಇಡೀ ದಿನ ಗಾಜಿನ ಬಾಟಲಿ ಕಾಯೋರು ಯಾರು? ದ್ರಾವಣ ಆವಿಯಾಗುತ್ತದೆ, ಬೈಕಿನಲ್ಲಿ ತರುವಾಗ ಚೆಲ್ಲುತ್ತದೆ. ಫಿಲ್ಟರ್ ಆದರೆ ಡಬ್ಬಿಗೆ ಹಾಕಿ ಜೇಬಿಗಿಟ್ಟರಾಯಿತು.

ಜೋಡಣೆ ಹೀಗೆ. ಗಾಳಿ ಒಳಬರುವ ಕಡೆ ಟೆಫ್ಲಾನ್ ಫಿಲ್ಟರ್, ಧೂಳಿನಲ್ಲಿರುವ ಅಮೋನಿಯಂ ಉಪ್ಪು ತಡೆಯೋಕೆ. ಅದರ ಹಿಂದೆ ಎರಡು ವಾಟ್ಮನ್ 41 ಸೋಸು ಕಾಗದ, ಮೆಥನಾಲ್‌ನಲ್ಲಿ ಕರಗಿಸಿದ ಶೇ. 5ರಷ್ಟು ಸಿಟ್ರಿಕ್ ಆಸಿಡ್‌ನಲ್ಲಿ ಅದ್ದಿ ಒಣಗಿಸಿದ್ದು. ಎಳೆಯೋಕೆ ಅಕ್ವೇರಿಯಂ ಪಂಪ್. ಅದು ಊದುವ ಪಂಪ್, ಹಾಗಾಗಿ ಬಿಚ್ಚಿ ಗಾಳಿ ಒಳಬರುವ ತೂತಿಗೆ ಟ್ಯೂಬ್ ಹಾಕಬೇಕು. ನಿಮಿಷಕ್ಕೆ ಲೀಟರ್ ಹತ್ತಿರ ಬರುತ್ತದೆ.

ದುಡ್ಡಿನ ವಿಷಯಕ್ಕೆ ಬಂದರೆ ಪಂಪ್ ಐನೂರು ಚಿಲ್ಲರೆ, ಫಿಲ್ಟರ್ ಕೂರಿಸುವ ಹೋಲ್ಡರ್ ಮೂರು ಸಾವಿರದ ಮೇಲೆ. ಟೆಫ್ಲಾನ್ ಬೆಲೆ ಕೇಳಿದರೆ ಜ್ವರ ಬರುತ್ತದೆ. ಎಲ್ಲ ಸೇರಿ ಹನ್ನೆರಡು ಸಾವಿರ ಆಗಿರಬಹುದು, ನನ್ನ ಜೇಬಿನಿಂದಲೇ. ಮನೆಯಲ್ಲಿ ಏಳು ಸಾವಿರ ಅಂತ ಹೇಳಿದ್ದೇನೆ.

ನನ್ನನ್ನು ಜಾಸ್ತಿ ಸತಾಯಿಸಿದ್ದು ಬ್ಲ್ಯಾಂಕ್, ಅಂದರೆ ಹೋಲಿಕೆಗೆ ಇಟ್ಟ ಖಾಲಿ ಫಿಲ್ಟರ್. ಗಾಳಿಯನ್ನೇ ಎಳೆಯದ ಫಿಲ್ಟರ್‌ನಲ್ಲಿ ಆರೇಳು ಮೈಕ್ರೋಗ್ರಾಂ ಅಮೋನಿಯಾ! ನಮ್ಮ ಮನೆ ತಾರಸಿಯ ಮೇಲೆ ಒಂದು ದಿನಕ್ಕೆ ಸಿಗುವುದೇ ಇಪ್ಪತ್ತು-ಇಪ್ಪತ್ತೈದು. ಕಾಗದ ತೊಳೆದೆ, ಕೈಗವಸು ಹಾಕಿದೆ, ಹೊಸ ಚಿಮಟ ತಂದೆ. ಇಳಿಯಲೇ ಇಲ್ಲ. ಕೊನೆಗೆ ಕಳ್ಳ ಸಿಕ್ಕಿದ್ದು ಗೋಡೆಯ ಆಚೆ. ಫಿಲ್ಟರ್ ಒಣಗಿಸುತ್ತಿದ್ದ ಕೋಣೆಗೂ ಮೂತ್ರಾಲಯಕ್ಕೂ ನಡುವೆ ಒಂದೇ ಗವಾಕ್ಷಿ. ಆಸಿಡ್ ಕಾಗದ ಅಲ್ಲಿಂದ ಬರುವುದನ್ನೆಲ್ಲ ನಿಯತ್ತಾಗಿ ಹಿಡಿಯುತ್ತಿತ್ತು. ಈಗ ಮುಚ್ಚಿದ ಡಬ್ಬಿಯಲ್ಲಿ ಒಣಗಿಸುತ್ತೇನೆ, ಪಕ್ಕದಲ್ಲಿ ಕಾವಲಿಗೆ ಆಸಿಡ್ ಹಚ್ಚಿದ ಇನ್ನೊಂದು ಕಾಗದ. ಬ್ಲ್ಯಾಂಕ್ ಒಂದು ಮೈಕ್ರೋಗ್ರಾಂಗಿಂತ ಕೆಳಗೆ ಬಂದಿದೆ. ಡಬ್ಬಿಯೊಳಗೆ ಇನ್ನೂ ಒಂದು ಸಾಮಾನು ಇಡುತ್ತೇನೆ, ಅದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ.

ಮಳೆಗಾಲದಲ್ಲಿ ಸಕಲೇಶಪುರದ ಕಡೆ ಫಿಲ್ಟರ್ ಒದ್ದೆಯಾಗಿ ಪಂಪ್ ಏದುಸಿರು ಬಿಡುತ್ತದೆ. ಗ್ಲಿಸರಿನ್ ಬೆರೆಸಿ ನೋಡಿದೆ, ಇನ್ನಷ್ಟು ಅಂಟಂಟು. ಹೋಲ್ಡರ್ ಬಾಯಿ ಕೆಳಗೆ ಮಾಡಿ, ಮೇಲೊಂದು ಪ್ಲಾಸ್ಟಿಕ್ ಬಟ್ಟಲು ಕವುಚಿದ ಮೇಲೆ ಪರವಾಗಿಲ್ಲ. ಗಾಳಿಯ ಫ್ಲೋ ಮಾತ್ರ ಶುರುವಿನಲ್ಲೂ ಕೊನೆಯಲ್ಲೂ ನೋಡಲೇಬೇಕು. ಕರೆಂಟ್ ಹೋಗಿ ಬಂದರೆ ಗೊತ್ತಾಗಲಿ ಅಂತ ಅದೇ ಪ್ಲಗ್ಗಿಗೆ ಮುಳ್ಳಿನ ಗಡಿಯಾರ ಸಿಕ್ಕಿಸಿದ್ದೇನೆ. ಅಡಾಪ್ಟರ್ ಮೇಲೆ ಓಡುವುದು, ಸೆಲ್ ಹಾಕಬಾರದು. ಅದು ಎಷ್ಟು ಹಿಂದೆ ಬಿದ್ದಿದೆಯೋ ಅಷ್ಟು ಹೊತ್ತು ಪಂಪ್ ಓಡಿಲ್ಲ.

ಕಾಗದ ಹಿಡಿದದ್ದನ್ನು ನೀರಿಗೆ ಇಳಿಸಿದ ಮೇಲೆ ಅಳೆಯೋದು ಇಂಡೋಫಿನಾಲ್ ನೀಲಿ ವಿಧಾನದಲ್ಲಿ, ಅಮೋನಿಯಾ ಜಾಸ್ತಿ ಇದ್ದಷ್ಟೂ ನೀಲಿ ಗಾಢ. ಕಾಗದದ ಆಸಿಡ್ ನೀರಿಗೂ ಬರುತ್ತದಲ್ವಾ, ಅಷ್ಟಕ್ಕೆ ಕ್ಷಾರ ಜಾಸ್ತಿ ಹಾಕದಿದ್ದರೆ ಬಣ್ಣ ಏಳುವುದಿಲ್ಲ. ಹೋಲಿಸಿ ನೋಡೋಕೆ ಇಡುವ, ಅಮೋನಿಯಾ ಎಷ್ಟಿದೆ ಅಂತ ಗೊತ್ತಿರುವ ಸ್ಟ್ಯಾಂಡರ್ಡ್ ದ್ರಾವಣಗಳಿಗೂ ಅಷ್ಟೇ ಸಿಟ್ರಿಕ್ ಆಸಿಡ್ ಹಾಕಿ. ಬಣ್ಣ ಬರಿಸೋಕೆ ಹಾಕುವ ಹೈಪೋಕ್ಲೋರೈಟ್ ಹಳೆಯದಾದರೆ ನೀಲಿಯ ಬದಲು ಮಾಸಲು ಹಸಿರು ನೋಡುತ್ತಾ ಕೂರಬೇಕಾಗುತ್ತದೆ.

ನಂಬದವರ ಬಾಯಿ ಮುಚ್ಚಿಸಿದ್ದು ಎರಡನೇ ಕಾಗದ. ದನದ ಕೊಟ್ಟಿಗೆಯಲ್ಲಿ ಇಟ್ಟಾಗ ಮೊದಲನೆಯದು ಕಡುನೀಲಿ, ಹಿಂದಿನದು ಬ್ಲ್ಯಾಂಕ್‌ಗಿಂತ ಸ್ವಲ್ಪ ಮೇಲೆ ಅಷ್ಟೇ. ಅಂದರೆ ಬಂದದ್ದು ಹೆಚ್ಚುಕಮ್ಮಿ ಎಲ್ಲ ಮೊದಲನೆಯದರಲ್ಲೇ ನಿಂತಿದೆ. ಕೊಟ್ಟಿಗೆಯಲ್ಲಿ ಘನಮೀಟರ್‌ಗೆ ನೂರೈವತ್ತರ ಸುತ್ತಮುತ್ತ ಮೈಕ್ರೋಗ್ರಾಂ ಬಂತು. ನಮ್ಮ ದೇಶದ 2009ರ ಗಾಳಿ ಗುಣಮಟ್ಟದ ಮಾನದಂಡದಲ್ಲಿ 24 ಗಂಟೆಗೆ 400ರವರೆಗೆ ಬಿಟ್ಟಿದ್ದಾರೆ.

ಆಲೂಗಡ್ಡೆಗೆ ಯೂರಿಯಾ ಮೇಲುಗೊಬ್ಬರ ಕೊಟ್ಟಾಗ ಎರಡು ಹೊಲದಲ್ಲಿ ಇಟ್ಟೆ. ಅಂದೇ ಮಣ್ಣು ಏರಿಸಿದ ಹೊಲಕ್ಕಿಂತ ಸುಮ್ನೆ ಎರಚಿ ಬಿಟ್ಟ ಹೊಲದ ಗಾಳಿಯಲ್ಲಿ ಎರಡು ಪಟ್ಟಿಗೂ ಜಾಸ್ತಿ. ಹೊಲದ ಯಜಮಾನರು ಸಂಖ್ಯೆ ಕೇಳಲಿಲ್ಲ. "ಮೂಟೆಗೆ ಎಷ್ಟು ಹೋಯ್ತು ಹೇಳಿ" ಅಂದರು. ಅದು ಈ ಕಾಗದದಿಂದ ಹೇಳೋಕಾಗಲ್ಲ. ಗಾಳಿಯಲ್ಲಿ ಎಷ್ಟಿದೆ ಅನ್ನೋದು ಬೇರೆ, ನೆಲದಿಂದ ಎಷ್ಟು ಎದ್ದಿತು ಅನ್ನೋದು ಬೇರೆ.

ನಡುವೆ ಸಿಟ್ರಿಕ್ ಆಸಿಡ್ ಬದಲು ಟ್ರೈಎಥನಾಲಮೀನ್ ಅನ್ನೋ ರಾಸಾಯನಿಕ ಹಚ್ಚಿ ಹಾಸನದ ಬಿ.ಎಂ. ರಸ್ತೆಯಲ್ಲಿ ವಾಹನದ ಹೊಗೆಯ ನೈಟ್ರೋಜನ್ ಡೈಆಕ್ಸೈಡ್ ಹಿಡಿಯೋಕೂ ಹೋದೆ. ಅಳೆಯುವಾಗ ಗುಲಾಬಿ ಬಣ್ಣ ಚೆನ್ನಾಗಿ ಬರುತ್ತದೆ, ಅದಕ್ಕೆ ಪಂಪ್ ಕೂಡ ಬೇಡ, ಒಂದು ತುದಿ ತೆರೆದ ಕೊಳವೆ ನೇತುಹಾಕಿದರೆ ಸಾಕು. ಕೊಳವೆಗಳಲ್ಲಿ ಅರ್ಧದಷ್ಟನ್ನು ಯಾರೋ ಕಿತ್ತುಕೊಂಡು ಹೋದರು. ಈ ಸಲ ಕಂಬದ ಮೇಲೆ ಎತ್ತರಕ್ಕೆ ಕಟ್ಟಬೇಕು. ಉದ್ದ ಏಣಿ ಇರುವವರು ತಿಳಿಸಿ.